ತಪ್ಪನ್ನು ಬೇಗ ತೋರಿಸುವ ಟೂಲ್ ಯಾವುದು?

(ಎಫ್‌ಪಿಜಿಎ ಸಾಫ್ಟ್‌ವೇರ್ ಆರಿಸುವ ಬಗ್ಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರವೇ ಒಬ್ಬ ಹುಡುಗ ಕೇಳಿದ. "ಸರ್, ವಿವಾಡೋ ಕಲಿಯಲಾ, ಕ್ವಾರ್ಟಸ್ ಕಲಿಯಲಾ? ಯಾವುದು ಒಳ್ಳೆಯದು?" ಒಳಗೆ ಕೂತ್ಕೊ, ಅದನ್ನೇ ಮಾತಾಡೋಣ ಎಂದೆ. ಎಫ್‌ಪಿಜಿಎ ಅಂದರೆ ಕೊಂಡ ಮೇಲೂ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್. ಅದಕ್ಕೆ ಸರ್ಕ್ಯೂಟ್ ತಯಾರಿಸಿಕೊಡುವ ಎರಡು ಸಾಫ್ಟ್‌ವೇರ್‌ಗಳು ಈ ವಿವಾಡೋ, ಕ್ವಾರ್ಟಸ್. ಇದು ಅವನೊಬ್ಬನ ಪ್ರಶ್ನೆಯಲ್ಲ. ಹೊಸ ಲ್ಯಾಬ್ ಮಾಡಲು ಹೊರಟ ಮೇಷ್ಟ್ರುಗಳೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಸಿ ಪ್ರೋಗ್ರಾಂ ಬರೆಯುವವರಿಗೆ ಕಂಪೈಲರ್ ಆರಿಸಿಕೊಳ್ಳಲು ಜಾಗ ಇದೆ. ಜಿಸಿಸಿ ಎಂಬ ಒಂದೇ ಕಂಪೈಲರ್ ಇಂಟೆಲ್ ಪ್ರೊಸೆಸರಿಗೂ ಆಗುತ್ತದೆ, ಆರ್ಮ್ ಪ್ರೊಸೆಸರಿಗೂ ಆಗುತ್ತದೆ. ಎಫ್‌ಪಿಜಿಎಯಲ್ಲಿ ಹಾಗಿಲ್ಲ. ಚಿಪ್‌ನೊಳಗೆ ಯಾವ ಬಿಟ್ ಯಾವ ಸ್ವಿಚ್ಚನ್ನು ತಿರುಗಿಸುತ್ತದೆ ಅನ್ನುವುದು ಆ ಚಿಪ್ ಮಾಡಿದ ಕಂಪನಿಗೆ ಗೊತ್ತು. ಸಾಮಾನ್ಯವಾಗಿ ಅವರು ಅದನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಚಿಪ್‌ಗೆ ಹಾಕುವ ಕೊನೆಯ ಫೈಲ್, ಅಂದರೆ ಬಿಟ್‌ಸ್ಟ್ರೀಮ್, ಬಹುಪಾಲು ಅವರ ಸಾಫ್ಟ್‌ವೇರಿನಿಂದಲೇ ಬರಬೇಕು. ನಿಮ್ಮ ಬೋರ್ಡಿನಲ್ಲಿ ಝೈಲಿಂಕ್ಸ್ (ಈಗ ಎಎಂಡಿ) ಕಂಪನಿಯ ಆರ್ಟಿಕ್ಸ್ ಚಿಪ್ ಇದ್ದರೆ ವಿವಾಡೋ. ಆಲ್ಟೆರಾ ಕಂಪನಿಯ ಸೈಕ್ಲೋನ್ ಇದ್ದರೆ ಕ್ವಾರ್ಟಸ್. ಮೈಕ್ರೋಚಿಪ್ ಕಂಪನಿಯ ಪೋಲಾರ್‌ಫೈರ್ ಇದ್ದರೆ ಲಿಬೆರೊ. ಬೋರ್ಡ್ ಕೊಂಡ ದಿನವೇ ಆ ಟೂಲ್ ಕೂಡ ನಿಮ್ಮ ಮನೆಗೆ ಬಂದಾಯಿತು.

ಹಾಗಾದರೆ ಆರಿಸುವುದಕ್ಕೆ ಏನು ಉಳಿಯಿತು? ತುಂಬಾ ಉಳಿದಿದೆ. ಅದು ಕಾಣಬೇಕಾದರೆ ಈ ಸಾಫ್ಟ್‌ವೇರ್ ಒಳಗೆ ಏನೇನು ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು.

ಎಫ್‌ಪಿಜಿಎ ಅಂದರೆ ಖಾಲಿ ಬಡಾವಣೆ ಅಂದುಕೊಳ್ಳಿ. ಅದರಲ್ಲಿ ಸಾಲುಸಾಲಾಗಿ ಸಣ್ಣ ಸಣ್ಣ ಪಟ್ಟಿಗಳಿವೆ. ಲುಕಪ್ ಟೇಬಲ್ ಅಥವಾ ಲಟ್ ಎನ್ನುತ್ತೇವೆ. ನಾಲ್ಕು ಇನ್‌ಪುಟ್ ಇರುವ ಲಟ್ ಎಂದರೆ 16 ಮನೆಗಳ ಪಟ್ಟಿ. ಆ 16 ಮನೆಗಳಲ್ಲಿ ಸೊನ್ನೆ, ಒಂದು ತುಂಬಿದರೆ ನಾಲ್ಕು ಇನ್‌ಪುಟ್‌ನ ಯಾವ ಗೇಟ್ ಬೇಕಾದರೂ ಆಗುತ್ತದೆ. 1985ರಲ್ಲಿ ಝೈಲಿಂಕ್ಸ್ ಕಂಪನಿ ಎಕ್ಸ್‌ಸಿ2064 ಎಂಬ ಚಿಪ್ ತಂದಾಗ ಅದರಲ್ಲಿ ಇಂಥ ಲಾಜಿಕ್ ಬ್ಲಾಕ್‌ಗಳು ಇದ್ದದ್ದು 64. ಇವತ್ತು ಹವ್ಯಾಸಿಗಳು ಬಳಸುವ ಟ್ಯಾಂಗ್ ನ್ಯಾನೋ 9ಕೆ ಎಂಬ ಪುಟ್ಟ ಬೋರ್ಡಿನಲ್ಲೇ 8,640 ಲಟ್‌ಗಳಿವೆ.

ನೀವು ವೆರಿಲಾಗ್‌ನಲ್ಲೋ ವಿಎಚ್‌ಡಿಎಲ್‌ನಲ್ಲೋ (ಎರಡೂ ಸರ್ಕ್ಯೂಟನ್ನು ವಿವರಿಸುವ ಭಾಷೆಗಳು) ಬರೆದದ್ದನ್ನು ಟೂಲ್ ಮೊದಲು ಲಟ್ ಮತ್ತು ಒಂದೊಂದು ಬಿಟ್ ನೆನಪಿಡುವ ಫ್ಲಿಪ್‌ಫ್ಲಾಪ್‌ಗಳಾಗಿ ಒಡೆಯುತ್ತದೆ. ಇದು ಸಿಂಥೆಸಿಸ್. ಆಮೇಲೆ ಯಾವ ಲಟ್ ಬಡಾವಣೆಯ ಯಾವ ಸೈಟಿನಲ್ಲಿ ಕೂರಬೇಕು ಎಂದು ಹಂಚುತ್ತದೆ. ಅದು ಪ್ಲೇಸ್‌ಮೆಂಟ್. ಸೈಟುಗಳ ನಡುವೆ ರಸ್ತೆ ಎಳೆಯುತ್ತದೆ. ಅದು ರೌಟಿಂಗ್. ರಸ್ತೆ ಉದ್ದವಾದಷ್ಟೂ ಸಿಗ್ನಲ್ ತಡವಾಗಿ ತಲುಪುತ್ತದೆ. ತಡ ಜಾಸ್ತಿಯಾದರೆ ನೀವು ಕೇಳಿದ ಕ್ಲಾಕ್ ವೇಗ (ಸರ್ಕ್ಯೂಟಿಗೆ ತಾಳ ಹಾಕುವ ಸಿಗ್ನಲ್ಲಿನ ವೇಗ) ಸಿಗುವುದಿಲ್ಲ. ಕೊನೆಗೆ ಇದೆಲ್ಲ ಬಿಟ್‌ಸ್ಟ್ರೀಮ್ ಆಗುತ್ತದೆ.

ಚಿಪ್‌ಗೆ ಗಂಟು ಬಿದ್ದಿರುವುದು ಇಷ್ಟು. ಇದಕ್ಕಿಂತ ಮುಂಚೆ ನಡೆಯುವ ಕೆಲಸಗಳು, ಅಂದರೆ ಬರೆಯುವುದು, ಸಿಮ್ಯುಲೇಟ್ ಮಾಡುವುದು (ಬೋರ್ಡಿಲ್ಲದೆ ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದು), ಸಿಗ್ನಲ್‌ಗಳು ಏರಿಳಿಯುವ ಚಿತ್ರ ಅಂದರೆ ವೇವ್‌ಫಾರ್ಮ್ ನೋಡುವುದು, ತಪ್ಪು ಹುಡುಕುವುದು, ಇವು ಯಾವ ಕಂಪನಿಗೂ ಕಟ್ಟುಬಿದ್ದಿಲ್ಲ. ನಿಮ್ಮ ಸಮಯದ ದೊಡ್ಡ ಪಾಲು ಹೋಗುವುದು ಇಲ್ಲಿಯೇ. ಆದರೆ ನಾವು ವಾದ ಮಾಡುವುದು ಮಾತ್ರ ಆಯ್ಕೆಯೇ ಇಲ್ಲದ ಅರ್ಧದ ಬಗ್ಗೆ. ಅದಕ್ಕೇ ನಾನು "ಯಾವುದು ಒಳ್ಳೆಯದು" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ನನ್ನ ತಪ್ಪನ್ನು ಯಾವುದು ಎಷ್ಟು ಬೇಗ ತೋರಿಸುತ್ತದೆ ಎಂದು ಕೇಳುತ್ತೇನೆ.

ಹೀಗೆ ಕೇಳುವುದನ್ನು ನನಗೆ ಕಲಿಸಿದ್ದು ಒಂದು ಸ್ಟೆಪ್ಪರ್ ಮೋಟರ್. ವಿಟಿಯು ಎಚ್‌ಡಿಎಲ್ (ವೆರಿಲಾಗ್, ವಿಎಚ್‌ಡಿಎಲ್‌ನಂಥ ಭಾಷೆಗಳ) ಲ್ಯಾಬ್ ಮಾಡಿದವರಿಗೆಲ್ಲ ಆ ಪ್ರಯೋಗ ಗೊತ್ತಿರುತ್ತದೆ. ನಾಲ್ಕು ಕಾಯಿಲ್, ಒಂದಾದ ಮೇಲೆ ಒಂದಕ್ಕೆ ಕರೆಂಟ್ ಕೊಟ್ಟರೆ ಮೋಟರ್ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ನಾನು ಒಂದು ಎನೇಬಲ್ ಸ್ವಿಚ್ ಇಟ್ಟಿದ್ದೆ. ಸ್ವಿಚ್ ಹಾಕಿದರೆ ತಿರುಗಬೇಕು, ತೆಗೆದರೆ ನಿಲ್ಲಬೇಕು. ಬೋರ್ಡಿಗೆ ಹಾಕಿದೆ. ತಿರುಗಿತು. ಸ್ವಿಚ್ ತೆಗೆದೆ. ನಿಂತಿತು. ಮೇಷ್ಟ್ರು ನೋಡಿ ಸಹಿ ಹಾಕಿದರು. ಊಟ ಮುಗಿಸಿ ಬಂದು ಬಿಚ್ಚಿಡಲು ಮೋಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಡ್ರೈವರ್ ಬೋರ್ಡಿನ ಮೇಲಿನ ಚಿಪ್ ಇನ್ನೂ ಬಿಸಿ.

ಏನಾಗಿತ್ತು ಗೊತ್ತಾ? ಎನೇಬಲ್ ಇದ್ದರೆ ಕಾಯಿಲ್‌ಗಳಿಗೆ ಏನು ಕೊಡಬೇಕು ಎಂದು ಬರೆದಿದ್ದೆ. ಇಲ್ಲದಿದ್ದರೆ ಏನು ಎಂದು ಬರೆದಿರಲಿಲ್ಲ. ಒಂದು ಎಲ್ಸ್ ಬಿಟ್ಟುಹೋಗಿತ್ತು. ಏನೂ ಹೇಳದಿದ್ದರೆ ವೆರಿಲಾಗ್ ಪ್ರಕಾರ ಹಳೆಯ ಬೆಲೆಯನ್ನೇ ಹಿಡಿದಿಟ್ಟುಕೊಳ್ಳಬೇಕು. ಹಿಡಿದಿಟ್ಟುಕೊಳ್ಳಲು ಟೂಲ್ ತಾನಾಗಿ ನಾಲ್ಕು ಲ್ಯಾಚ್‌ಗಳನ್ನು ಸೇರಿಸಿತ್ತು. ಸ್ವಿಚ್ ತೆಗೆದಾಗ ಮೋಟರ್ ನಿಂತದ್ದು ನಿಜ. ಆದರೆ ಕೊನೆಯ ಹೆಜ್ಜೆಯ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇತ್ತು.

ಸಿಮ್ಯುಲೇಶನ್ ಮಾಡಿದ್ದೆನಾ? ಮಾಡಿದ್ದೆ. ಆದರೆ ಎನೇಬಲ್ ಸಿಗ್ನಲ್ಲನ್ನು ಒಂದಕ್ಕೆ ಏರಿಸಿ ಅಲ್ಲೇ ಬಿಟ್ಟಿದ್ದೆ. ಕೆಳಗೆ ಇಳಿಸಿ ನೋಡಿರಲಿಲ್ಲ. ಟೂಲ್ ಹೇಳಿರಲಿಲ್ಲವಾ? ಹೇಳಿತ್ತು. ಸಿಂಥೆಸಿಸ್ ರಿಪೋರ್ಟ್‌ನ ನೂರಾರು ವಾರ್ನಿಂಗ್‌ಗಳ ನಡುವೆ ಒಂದು ಸಾಲು, ಲ್ಯಾಚ್ ಬಂದಿದೆ ಎಂದು. ನಾನು ರಿಪೋರ್ಟನ್ನು ಕೆಳಗಿನವರೆಗೆ ಎಳೆದು, ಎರರ್ ಸೊನ್ನೆ ಎಂದು ನೋಡಿ ಮುಚ್ಚಿದ್ದೆ.

ಆಮೇಲೆ ಎಷ್ಟೋ ವರ್ಷಕ್ಕೆ ವೆರಿಲೇಟರ್ ಎಂಬ ಟೂಲ್ ಕೈಗೆ ಬಂತು. ಅದು ವೆರಿಲಾಗ್ ಕೋಡನ್ನು ಸಿ ಪ್ಲಸ್ ಪ್ಲಸ್‌ಗೆ ತಿರುಗಿಸಿ ಓಡಿಸುವ ಸಿಮ್ಯುಲೇಟರ್. ಅದಕ್ಕೆ ಇನ್ನೊಂದು ಕೆಲಸವೂ ಬರುತ್ತದೆ. ಓಡಿಸಬೇಡ, ಬರೀ ತಪ್ಪು ಹುಡುಕು ಎಂದು ಹೇಳಬಹುದು. ಲಿಂಟ್ ಎನ್ನುತ್ತಾರೆ. ನನ್ನ ಆ ಹಳೆಯ ಮೋಟರ್ ಫೈಲನ್ನು ಹುಡುಕಿ ತೆಗೆದು ಅದಕ್ಕೆ ಕೊಟ್ಟೆ. ಎಂಟರ್ ಒತ್ತಿ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂತು. ಇಂಥ ಸಾಲಿನಲ್ಲಿ, ಇಂಥ ಸಿಗ್ನಲ್‌ಗೆ ಲ್ಯಾಚ್ ಬರುತ್ತಿದೆ, ಎಲ್ಲ ದಾರಿಗಳಲ್ಲೂ ಬೆಲೆ ಕೊಟ್ಟಿಲ್ಲ. ಪರದೆಯ ಮೇಲೆ ನೂರಾರು ಸಾಲು ಇರಲಿಲ್ಲ, ಅದೊಂದೇ ಇತ್ತು. ಮೋಟರ್ ಊಟದ ಹೊತ್ತೆಲ್ಲ ಬಿಸಿಯಾಗಿ ಹೇಳಿದ್ದನ್ನು ಅದು ಒಂದು ಸೆಕೆಂಡಿನಲ್ಲಿ ಹೇಳಿತ್ತು.

ಇದು ದುಡ್ಡು ಕೊಟ್ಟು ಕೊಳ್ಳುವ ಟೂಲ್ ಅಲ್ಲ. ಯಾವ ಚಿಪ್‌ನವರು ಬೇಕಾದರೂ ಬಳಸಬಹುದು. ವಿವಾಡೋ ಬಳಸುವವರೂ, ಕ್ವಾರ್ಟಸ್ ಬಳಸುವವರೂ ಮೊದಲು ಇದಕ್ಕೆ ಕೊಟ್ಟು ಆಮೇಲೆ ಅದಕ್ಕೆ ಕೊಡಬಹುದು, ಅಲ್ವಾ? ಲ್ಯಾಚ್ ಒಂದೇ ಅಲ್ಲ. ಎಂಟು ಬಿಟ್‌ನ ತಂತಿಗೆ ಒಂಬತ್ತು ಬಿಟ್ ತುರುಕಿದರೂ, ಕೇಸ್‌ನಲ್ಲಿ ಒಂದು ಸಂದರ್ಭ ಬಿಟ್ಟರೂ ಹೇಳುತ್ತದೆ.

ಸಿಮ್ಯುಲೇಟರ್ ವಿಷಯಕ್ಕೆ ಬರೋಣ. ಕಲಿಯುವವರಿಗೆ ಇಕಾರಸ್ ವೆರಿಲಾಗ್ ಸಾಕು ಎಂದು ನನ್ನ ಗಟ್ಟಿ ಅಭಿಪ್ರಾಯ. ಸಣ್ಣದು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಲೈಸೆನ್ಸ್ ತಲೆನೋವಿಲ್ಲ. ವೇವ್‌ಫಾರ್ಮ್ ನೋಡಲು ಜಿಟಿಕೆವೇವ್. ವಿಎಚ್‌ಡಿಎಲ್ ಬರೆಯುವವರಿಗೆ ಜಿಎಚ್‌ಡಿಎಲ್ ಇದೆ. ಚಿಪ್ ಕಂಪನಿಗಳ ಟೂಲ್‌ಗಳ ಜೊತೆಗೂ ಸಿಮ್ಯುಲೇಟರ್ ಬರುತ್ತದೆ. ವಿವಾಡೋ ಒಳಗೇ ಒಂದು ಇದೆ, ಚೆನ್ನಾಗಿಯೂ ಇದೆ. ಆದರೆ 20 ಸಾಲಿನ ಕೌಂಟರ್ ಪರೀಕ್ಷಿಸಲು ಅಷ್ಟು ದೊಡ್ಡ ಸಾಫ್ಟ್‌ವೇರ್ ತೆರೆದು, ಪ್ರಾಜೆಕ್ಟ್ ಮಾಡಿ, ಫೈಲ್ ಸೇರಿಸಿ ಕಾಯಬೇಕು. ಕಾಯಬೇಕಾದಲ್ಲಿ ಮನಸ್ಸು ಪರೀಕ್ಷೆಯನ್ನೇ ಬಿಟ್ಟುಬಿಡುತ್ತದೆ. ನೇರ ಬೋರ್ಡಿಗೇ ಹಾಕಿ ನೋಡೋಣ ಅನ್ನಿಸುತ್ತದೆ. ನನಗೆ ಅನ್ನಿಸುತ್ತಿತ್ತು.

ಒಂದು ಚಿಕ್ಕ ಲೆಕ್ಕ ತೋರಿಸುತ್ತೇನೆ. ಎಲ್‌ಇಡಿ ಮಿಣುಕಿಸುವ ಪ್ರಯೋಗ. ಟ್ಯಾಂಗ್ ನ್ಯಾನೋ 9ಕೆ ಬೋರ್ಡಿನ ಕ್ಲಾಕ್ 27 ಮೆಗಾಹರ್ಟ್ಸ್. 24 ಬಿಟ್‌ನ ಕೌಂಟರ್ ಇಟ್ಟು, ಮೇಲಿನ ಬಿಟ್ಟನ್ನು ಎಲ್‌ಇಡಿಗೆ ಕೊಡುತ್ತೀರಿ. ಕೌಂಟರ್ ಒಂದು ಸುತ್ತು ಬರಲು 1,67,77,216 ಕ್ಲಾಕ್ ಬೇಕು. ಅಂದರೆ ಎಲ್‌ಇಡಿ ಸೆಕೆಂಡಿಗೆ ಸುಮಾರು 1.6 ಸಲ ಮಿಣುಕುತ್ತದೆ. ಬೋರ್ಡಿನಲ್ಲಿ ಇದು ಕಣ್ಣಿಗೆ ಹಿತ. ಸಿಮ್ಯುಲೇಟರಿನಲ್ಲಿ ಒಂದು ಮಿಣುಕು ನೋಡಲು ಒಂದೂ ಮುಕ್ಕಾಲು ಕೋಟಿಯ ಹತ್ತಿರ ಕ್ಲಾಕ್ ಓಡಿಸಬೇಕು. ಕಾದು ಕಾದು ಸಾಕಾಗುತ್ತದೆ, ವೇವ್‌ಫಾರ್ಮ್ ಫೈಲ್ ಉಬ್ಬಿ ಡಿಸ್ಕ್ ತುಂಬುತ್ತದೆ. ಆಗ ಹುಡುಗರು "ಸಿಮ್ಯುಲೇಟರ್ ಸ್ಲೋ ಸರ್" ಎನ್ನುತ್ತಾರೆ. ಕೌಂಟರಿನ ಅಗಲವನ್ನು ಪ್ಯಾರಾಮೀಟರ್ ಮಾಡಿ. ಬೋರ್ಡಿಗೆ 24, ಸಿಮ್ಯುಲೇಶನ್‌ಗೆ 4. ಈಗ 16 ಕ್ಲಾಕ್‌ಗೆ ಒಂದು ಸುತ್ತು. ಇಡೀ ಕತೆ ಒಂದೇ ಪರದೆಯಲ್ಲಿ ಕಾಣುತ್ತದೆ.

ಪೈಥಾನ್ ಬರುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ. ಹಾಗಾದರೆ ಕೋಕೋಟಿಬಿ ನೋಡಿ. ಟೆಸ್ಟ್‌ಬೆಂಚನ್ನು, ಅಂದರೆ ಸರ್ಕ್ಯೂಟಿಗೆ ಇನ್‌ಪುಟ್ ಕೊಟ್ಟು ಪರೀಕ್ಷಿಸುವ ಕೋಡನ್ನು, ಅದರಿಂದ ಪೈಥಾನಿನಲ್ಲಿ ಬರೆಯಬಹುದು. ಕೆಳಗೆ ಓಡುವುದು ಇಕಾರಸ್ ಅಥವಾ ವೆರಿಲೇಟರ್ ಅಥವಾ ಜಿಎಚ್‌ಡಿಎಲ್. ವೆರಿಲಾಗ್ ಟೆಸ್ಟ್‌ಬೆಂಚ್ ಅಂದರೆ ಹೆದರುತ್ತಿದ್ದವರು ಪೈಥಾನಿನಲ್ಲಿ ಸಾವಿರ ಸಲ ಲೂಪ್ ಹಾಕಿ, ಮನಸ್ಸಿಗೆ ಬಂದ ಬೆಲೆಗಳನ್ನೆಲ್ಲ ಕೊಟ್ಟು ಪರೀಕ್ಷಿಸುವುದನ್ನು ನಾನು ನೋಡಿದ್ದೇನೆ. ಎನೇಬಲ್ ಇಳಿಸಿ ನೋಡುವುದನ್ನು ನಾನು ಮರೆತಿದ್ದೆ. ಲೂಪ್ ಮರೆಯುವುದಿಲ್ಲ.

ಇನ್ನು ಚಿಪ್‌ಗೆ ಗಂಟು ಬಿದ್ದ ಅರ್ಧ. ಇಲ್ಲಿ ಆಯ್ಕೆ ನಡೆಯುವುದು ಬೋರ್ಡ್ ಕೊಳ್ಳುವ ಮುಂಚೆ. ಮೇಷ್ಟ್ರುಗಳು ದಯವಿಟ್ಟು ಇದನ್ನು ಗಮನಿಸಬೇಕು. ಕಾಲೇಜುಗಳ ಬೀರುವಿನಲ್ಲಿ ಈಗಲೂ ಝೈಲಿಂಕ್ಸ್‌ನ ಹಳೆಯ ಸ್ಪಾರ್ಟನ್-6 ಬೋರ್ಡ್‌ಗಳು ಇರುತ್ತವೆ. ಬೋರ್ಡ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ 2012ರಲ್ಲಿ ಬಂದ ವಿವಾಡೋ 7-ಸೀರೀಸ್ ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ. ಸ್ಪಾರ್ಟನ್-6ಕ್ಕೆ ಐಎಸ್‌ಇ ಎಂಬ ಹಳೆಯ ಟೂಲ್ ಬೇಕು, ಅದರ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ. ಕ್ವಾರ್ಟಸ್‌ನಲ್ಲೂ ಇದೇ ಕತೆ. ಸೈಕ್ಲೋನ್-2 ಬೋರ್ಡಿಗೆ 13.0ರ ಸರ್ವಿಸ್ ಪ್ಯಾಕ್ 1 ಕೊನೆಯದು. ಹೊಸದರಲ್ಲಿ ಹುಡುಕಿದರೆ ಆ ಚಿಪ್ ಪಟ್ಟಿಯಲ್ಲೇ ಇರುವುದಿಲ್ಲ. ಹುಡುಗರು ಹೊಸ ಲ್ಯಾಪ್‌ಟಾಪಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿಕೊಂಡು, ರಾತ್ರಿಯೆಲ್ಲ ಡೌನ್‌ಲೋಡ್ ಮಾಡಿ, ಬೆಳಿಗ್ಗೆ ಪಟ್ಟಿಯಲ್ಲಿ ತಮ್ಮ ಚಿಪ್ ಕಾಣದೆ ಕೂರುತ್ತಾರೆ. ಅವರದೇನೂ ತಪ್ಪಿಲ್ಲ. ಬೋರ್ಡಿನ ಡಬ್ಬಿಯ ಮೇಲೆ ಚಿಪ್‌ನ ಪೂರ್ತಿ ಹೆಸರು, ಅದಕ್ಕೆ ಬೇಕಾದ ಟೂಲ್, ಅದರ ಆವೃತ್ತಿ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಸುಮ್ನೆ ಹೇಳುತ್ತಿಲ್ಲ, ಒಂದು ಲ್ಯಾಬಿನಲ್ಲಿ ಇದನ್ನು ಮಾಡಿಸಿದ್ದೇನೆ. ಆ ವರ್ಷ ಈ ಗೋಳು ಕೇಳಲೇ ಇಲ್ಲ.

ಉಚಿತ ಆವೃತ್ತಿ ಯಾವ ಚಿಪ್‌ಗೆ ಆಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಕ್ವಾರ್ಟಸ್ ಪ್ರೈಮ್ ಲೈಟ್ ಆವೃತ್ತಿಗೆ ದುಡ್ಡಿಲ್ಲ, ಸೈಕ್ಲೋನ್-4, ಮ್ಯಾಕ್ಸ್ 10 ಅದರಲ್ಲಿ ನಡೆಯುತ್ತವೆ. ವಿವಾಡೋದಲ್ಲೂ ಆರ್ಟಿಕ್ಸ್-7, ಸ್ಪಾರ್ಟನ್-7ಕ್ಕೆ ಉಚಿತ ಆವೃತ್ತಿ ಸಾಕು. ದೊಡ್ಡ ಚಿಪ್‌ಗಳಿಗೆ ಲೈಸೆನ್ಸ್ ಕೊಳ್ಳಬೇಕು. ಇನ್‌ಸ್ಟಾಲ್ ಮಾಡುವಾಗ ಎಲ್ಲ ಚಿಪ್ ಕುಟುಂಬಗಳನ್ನೂ ಟಿಕ್ ಮಾಡಬೇಡಿ. ವಿವಾಡೋ ಹತ್ತಾರು ಜಿಬಿ ನುಂಗುತ್ತದೆ. ನಿಮ್ಮ ಬೋರ್ಡಿನ ಕುಟುಂಬ ಒಂದನ್ನೇ ಇಟ್ಟುಕೊಂಡರೆ ಡಿಸ್ಕ್ ಉಸಿರಾಡುತ್ತದೆ.

ಈ ಟೂಲ್‌ಗಳಲ್ಲಿ ನೀವು ಓದಲೇಬೇಕಾದ ಪುಟ ಒಂದಿದೆ, ಟೈಮಿಂಗ್ ರಿಪೋರ್ಟ್. ನಿಮ್ಮ ಕ್ಲಾಕ್ 100 ಮೆಗಾಹರ್ಟ್ಸ್ ಅಂದರೆ ಒಂದು ಸುತ್ತಿಗೆ 10 ನ್ಯಾನೋಸೆಕೆಂಡ್. ರಿಪೋರ್ಟ್‌ನಲ್ಲಿ ಸ್ಲ್ಯಾಕ್ (ಮಿಕ್ಕಿದ ಸಮಯ) ಮೈನಸ್ 1.2 ಎಂದು ಬಂದರೆ ನಿಮ್ಮ ಸರ್ಕ್ಯೂಟಿಗೆ 11.2 ನ್ಯಾನೋಸೆಕೆಂಡ್ ಬೇಕು, ಅಂದರೆ 89 ಮೆಗಾಹರ್ಟ್ಸ್‌ಗಿಂತ ಮೇಲೆ ಅದನ್ನು ನಂಬುವಂತಿಲ್ಲ. ಮೇಜಿನ ಮೇಲೆ ಓಡಿಬಿಡಬಹುದು. ಬಿಸಿಲಲ್ಲಿ ಇಟ್ಟರೆ ಕೈಕೊಡಬಹುದು. ಇನ್ನೂ ಕೆಟ್ಟದ್ದು ಕ್ಲಾಕ್ ವೇಗವನ್ನು ಟೂಲ್‌ಗೆ ಹೇಳದೇ ಇರುವುದು. ಇಂಥ ಷರತ್ತುಗಳನ್ನು ಬರೆದಿಡುವ ಕನ್‌ಸ್ಟ್ರೇಂಟ್ ಫೈಲಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ವಿವಾಡೋ ಆ ದಾರಿಗಳನ್ನು ಅಳೆಯುವುದೇ ಇಲ್ಲ. ಅಳೆಯದಿದ್ದರೆ ತಪ್ಪೂ ತೋರಿಸುವುದಿಲ್ಲ. ತಪ್ಪು ತೋರಿಸದ ರಿಪೋರ್ಟ್ ನೋಡಿ ನಾವು ಖುಷಿಪಡುತ್ತೇವೆ.

ಇಲ್ಲಿ ಕೆಲವರು ಕೇಳಬಹುದು, ಕಂಪನಿಯ ಟೂಲ್ ಇಲ್ಲದೆ ಬೋರ್ಡಿನವರೆಗೂ ಹೋಗಲು ಆಗುವುದೇ ಇಲ್ಲವಾ ಎಂದು. 2015ರವರೆಗೆ ಆಗುತ್ತಿರಲಿಲ್ಲ ಎಂದೇ ಹೇಳಬೇಕು. ಆ ವರ್ಷ ಐಸ್‌ಸ್ಟಾರ್ಮ್ ಎಂಬ ಪ್ರಾಜೆಕ್ಟ್ ಲ್ಯಾಟಿಸ್ ಕಂಪನಿಯ ಐಸ್40 ಚಿಪ್‌ನ ಬಿಟ್‌ಸ್ಟ್ರೀಮನ್ನು ಬಿಡಿಸಿ ಎಲ್ಲರ ಮುಂದೆ ಇಟ್ಟಿತು. ಒಂದೊಂದೇ ಸಣ್ಣ ಸರ್ಕ್ಯೂಟ್ ಮಾಡಿ, ಯಾವ ಬಿಟ್ ಬದಲಾಯಿತು ಎಂದು ನೋಡಿ ನೋಡಿ ಗುರುತು ಹಾಕಿದ ಕೆಲಸ ಅದು. ಆ ತಾಳ್ಮೆ ನೆನೆಸಿಕೊಂಡರೆ ನನಗೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಸಿಂಥೆಸಿಸ್‌ಗೆ ಯೋಸಿಸ್, ಸೈಟು ಹಂಚಿ ರಸ್ತೆ ಎಳೆಯಲು ಈಗ ನೆಕ್ಸ್ಟ್‌ಪಿಎನ್‌ಆರ್. ಲ್ಯಾಟಿಸ್‌ನ ಇಸಿಪಿ5ಗೆ ಟ್ರೆಲ್ಲಿಸ್ ಇದೆ, ಗೋವಿನ್ ಚಿಪ್‌ಗಳಿಗೆ ಅಪಿಕ್ಯುಲಾ ಇದೆ. ಓಎಸ್‌ಎಸ್ ಕ್ಯಾಡ್ ಸೂಟ್ ಎಂಬ ಒಂದೇ ಗಂಟಿನಲ್ಲಿ ಇವೆಲ್ಲ ಸಿಗುತ್ತವೆ.

ಇವುಗಳ ದೊಡ್ಡ ಗುಣ ನನ್ನ ಪಾಲಿಗೆ ಉಚಿತ ಅನ್ನುವುದಲ್ಲ, ವೇಗ. ಐಸ್40 ಎಚ್‌ಎಕ್ಸ್1ಕೆ ಎಂಬ 1,280 ಲಟ್‌ನ ಚಿಪ್‌ಗೆ ಸಣ್ಣ ಸರ್ಕ್ಯೂಟ್ ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಬಿಟ್‌ಸ್ಟ್ರೀಮ್ ಕೈಗೆ ಬರುತ್ತದೆ. ಬರೆದು, ಹಾಕಿ, ನೋಡಿ, ತಿದ್ದಿ ಮತ್ತೆ ಹಾಕಬಹುದು. ಒಂದು ಲ್ಯಾಬ್ ಅವಧಿಯಲ್ಲಿ ಮೂರು ಸಲ ಪ್ರಯತ್ನಿಸುವ ಕಡೆ ಮೂವತ್ತು ಸಲ ಪ್ರಯತ್ನಿಸಿದರೆ ಕಲಿಯುವುದೇ ಬೇರೆ ಥರ. ಮತ್ತೆ ನನ್ನ ಲ್ಯಾಚ್ ಕತೆಗೆ ಬಂದರೆ, ವೆರಿಲಾಗ್‌ನ ಹಿಗ್ಗಿಸಿದ ರೂಪವಾದ ಸಿಸ್ಟಮ್ ವೆರಿಲಾಗ್‌ನಲ್ಲಿ ಆಲ್ವೇಸ್ ಕಾಂಬ್ (ಇಲ್ಲಿ ಹಳೆಯ ಬೆಲೆ ಹಿಡಿದಿಡುವುದು ಬೇಡ ಎಂಬ ಸೂಚನೆ) ಎಂದು ಬರೆದು ಎಲ್ಸ್ ಬಿಟ್ಟರೆ ಯೋಸಿಸ್ ವಾರ್ನಿಂಗ್ ಕೊಟ್ಟು ಮುಂದೆ ಹೋಗುವುದಿಲ್ಲ. ಎರರ್ ಎಂದು ಅಲ್ಲೇ ನಿಲ್ಲುತ್ತದೆ. ನನಗೆ ಅಂಥ ಟೂಲ್ ಇಷ್ಟ.

ಆದರೆ ಎಲ್ಲದಕ್ಕೂ ಇದೇ ಸಾಕು ಎಂದು ನಾನು ಹೇಳಲಾರೆ. ಡಿಡಿಆರ್ ಮೆಮೊರಿ, ಪಿಸಿಐ ಎಕ್ಸ್‌ಪ್ರೆಸ್, ಗಿಗಾಬಿಟ್ ವೇಗದ ಲಿಂಕ್, ಇವು ಬೇಕಾದ ಕಡೆ ಕಂಪನಿಯ ಟೂಲ್ ಹಿಡಿಯಿರಿ. ಅಲ್ಲಿ ಅವರ ಸಿದ್ಧ ಬ್ಲಾಕ್‌ಗಳು ಪರೀಕ್ಷೆಯಾಗಿ ಬಂದಿರುತ್ತವೆ. ಬೋರ್ಡ್ ಓಡುತ್ತಿರುವಾಗಲೇ ಚಿಪ್ ಒಳಗಿನ ಸಿಗ್ನಲ್ ಹಿಡಿದು ತೋರಿಸುವ ಐಎಲ್‌ಎ ವಿವಾಡೋದಲ್ಲಿದೆ, ಕ್ವಾರ್ಟಸ್‌ನಲ್ಲಿ ಅದಕ್ಕೆ ಸಿಗ್ನಲ್ ಟ್ಯಾಪ್ ಎಂದು ಹೆಸರು. ಸಿಮ್ಯುಲೇಶನ್‌ನಲ್ಲಿ ಸರಿಯಿದ್ದು ಬೋರ್ಡಿನಲ್ಲಿ ತಪ್ಪುವ ಸಿಗ್ನಲ್ಲನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಇದೂ ತಪ್ಪು ತೋರಿಸುವ ಟೂಲೇ.

ಭಾಷೆ ಯಾವುದು ಅನ್ನುವ ಜಗಳಕ್ಕೆ ನಾನು ಇವತ್ತು ಹೋಗುವುದಿಲ್ಲ. ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಗಳಲ್ಲಿ ವೆರಿಲಾಗ್, ಸಿಸ್ಟಮ್ ವೆರಿಲಾಗ್ ಜಾಸ್ತಿ. ಒಂದು ಚೆನ್ನಾಗಿ ಬಂದರೆ ಇನ್ನೊಂದು ಬರುತ್ತದೆ. ಬರೆದದ್ದು ಟೂಲ್‌ನ ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಳ್ಳಬಾರದು, ಅಷ್ಟೇ ನನ್ನ ಕಳಕಳಿ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ಗಳನ್ನೇ ನೋಡಿ. ಅವನ್ನು ಬರೆದದ್ದು ಬ್ಲೂಸ್ಪೆಕ್ ಎಂಬ ಭಾಷೆಯಲ್ಲಿ. ಅದರಿಂದ ವೆರಿಲಾಗ್ ಹೊರಬರುತ್ತದೆ. ಶಕ್ತಿ ಕೋರ್‌ಗಳು ಆರ್ಟಿ ಎ7 ಎಂಬ ಎಫ್‌ಪಿಜಿಎ ಬೋರ್ಡಿನಲ್ಲೂ ಓಡುತ್ತವೆ, ಚಂಡೀಗಢದ ಪಕ್ಕದ ಮೊಹಾಲಿಯಲ್ಲಿರುವ ಎಸ್‌ಸಿಎಲ್ ಎಂಬ ಸರ್ಕಾರಿ ಚಿಪ್ ಕಾರ್ಖಾನೆಯಲ್ಲಿ 180 ನ್ಯಾನೋಮೀಟರ್ ಚಿಪ್ ಆಗಿಯೂ ಹೊರಬಂದಿವೆ. ನಿಮ್ಮ ಪ್ರಾಜೆಕ್ಟ್ ಅಷ್ಟು ದೊಡ್ಡದಲ್ಲದೇ ಇರಬಹುದು. ಆದರೂ ಕ್ಲಾಕ್ ವೇಗ ಬದಲಿಸಿಕೊಡುವ ಪಿಎಲ್‌ಎಲ್‌ನಂಥ ಕಂಪನಿಯ ಸಿದ್ಧ ಬ್ಲಾಕ್‌ಗಳನ್ನು ಒಂದೇ ಫೈಲಿನಲ್ಲಿ ಪ್ರತ್ಯೇಕ ಇಡಿ. ಉಳಿದದ್ದೆಲ್ಲ ಸಾದಾ ವೆರಿಲಾಗ್ ಇರಲಿ. ಬೋರ್ಡ್ ಬದಲಾದ ದಿನ ಆ ಒಂದು ಫೈಲ್ ಮತ್ತು ಪಿನ್ ಪಟ್ಟಿ (ಯಾವ ಸಿಗ್ನಲ್ ಚಿಪ್‌ನ ಯಾವ ಪಿನ್‌ಗೆ ಎಂಬ ಪಟ್ಟಿ) ಬದಲಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಮೌಸ್‌ನಿಂದ ಒತ್ತಿ ಒತ್ತಿ ಮಾಡುವ ಕೆಲಸವನ್ನು ಟಿಸಿಎಲ್ ಎಂಬ ಭಾಷೆಯ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಡಿ. ವಿವಾಡೋ, ಕ್ವಾರ್ಟಸ್ ಎರಡಕ್ಕೂ ಟಿಸಿಎಲ್ ಬರುತ್ತದೆ. ಆರು ತಿಂಗಳ ನಂತರ ಯಾವ ಟಿಕ್ ಎಲ್ಲಿ ಹಾಕಿದ್ದೆ ಎಂದು ಯಾರಿಗೂ ನೆನಪಿರುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಕೇಳಿದಳು. "ಸರ್, ನಮ್ಮ ಹತ್ತಿರ ಬೋರ್ಡೇ ಇಲ್ಲ. ಲ್ಯಾಬ್ ವಾರಕ್ಕೆ ಒಂದು ದಿನ. ಮನೆಯಲ್ಲಿರುವುದು ಅಣ್ಣನ ಹಳೇ ಲ್ಯಾಪ್‌ಟಾಪ್, ನಾಲ್ಕು ಜಿಬಿ ರ‍್ಯಾಮ್. ನಾನೇನು ಮಾಡಲಿ?"

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಆ ಲ್ಯಾಪ್‌ಟಾಪಿಗೆ ಉಬುಂಟು ಹಾಕಮ್ಮ. ಇಕಾರಸ್, ವೆರಿಲೇಟರ್, ಜಿಟಿಕೆವೇವ್ ಮೂರನ್ನೂ ಒಂದೇ ಸಾಲಿನ ಆಜ್ಞೆಯಲ್ಲಿ ಇನ್‌ಸ್ಟಾಲ್ ಮಾಡಬಹುದು. ನಾಲ್ಕು ಜಿಬಿ ಇವಕ್ಕೆ ಧಾರಾಳ. ಸ್ಟೆಪ್ಪರ್ ಮೋಟರಿನ ಕೋಡ್ ಬರಿ. ಎಲ್ಸ್ ಬೇಕಂತಲೇ ಬಿಡು. ಟೆಸ್ಟ್‌ಬೆಂಚಿನಲ್ಲಿ ಎನೇಬಲ್ ಏರಿಸು, ನಾಲ್ಕು ಹೆಜ್ಜೆ ಬಿಡು, ಇಳಿಸು. ಜಿಟಿಕೆವೇವ್‌ನಲ್ಲಿ ಎನೇಬಲ್ ಕೆಳಗೆ ಬಿದ್ದ ಜಾಗಕ್ಕೆ ಹೋಗಿ ಕಾಯಿಲ್ ಸಾಲು ನೋಡು. ನಾಲ್ಕು ಗೆರೆಯಲ್ಲಿ ಒಂದು ಮೇಲೇ ನಿಂತಿರುತ್ತದೆ. ಆಮೇಲೆ ಅದೇ ಫೈಲನ್ನು ವೆರಿಲೇಟರ್‌ಗೆ ಲಿಂಟ್ ಮಾಡಲು ಕೊಡು, ಅದು ಹೇಳುವ ಸಾಲಿನ ನಂಬರನ್ನು ನೋಡು. ಎಲ್ಸ್ ಸೇರಿಸಿ ಎರಡನ್ನೂ ಮತ್ತೆ ಓಡಿಸು. ವಾರಕ್ಕೊಂದು ದಿನ ಲ್ಯಾಬಿಗೆ ಹೋದಾಗ ಆ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗು, ಅಲ್ಲಿ ಪಿನ್ ಪಟ್ಟಿ ಸೇರಿಸಿ ಬೋರ್ಡಿಗೆ ಹಾಕು. ಸ್ವಿಚ್ ತೆಗೆದು ಹತ್ತು ನಿಮಿಷ ಬಿಟ್ಟು ಮೋಟರ್ ಮುಟ್ಟಿ ನೋಡು.